ಕೇರಿಯ ಸಭೆ ಕೈ ಎತ್ತಿದ ದಿನ

ಈಗ ಬರೆಯಲು ಹೊರಟಿರುವುದು ಹೀಗೆಯೇ ನಡೆಯಿತೆಂದು ನಾನು ಆಣೆ ಇಟ್ಟು ಹೇಳಲಾರೆ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಪ್ರತಿ ಸಲವೂ ಏನೋ ಒಂದು ಸೇರಿದೆ, ಏನೋ ಒಂದು ಬಿದ್ದುಹೋಗಿದೆ. ಸಾಕ್ಷ್ಯವನ್ನು ತೂಗಿ ನೋಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು; ಆ ತಕ್ಕಡಿಗೆ ನನ್ನ ನೆನಪನ್ನೇ ಹಾಕಿದರೆ ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ...

ಮೊನ್ನೆ ಮನೆಯಲ್ಲಿ ಒಗೆದ ಪಂಚೆಯೊಂದನ್ನು ಹಿಂಡದೆ ಬಕೆಟ್ಟಿನಲ್ಲೇ ಮರೆತಿದ್ದರು. ಮಾರನೆಯ ದಿನ ಬಚ್ಚಲಿನ ಬಾಗಿಲು ತೆಗೆದಾಗ ಮುಗ್ಗಲು ಹಿಡಿದ ಹತ್ತಿಬಟ್ಟೆಯ ವಾಸನೆ ಮುಖಕ್ಕೆ ಬಡಿಯಿತು. ನಾನು ಹಾಗೇ ನಿಂತೆ. ನಮ್ಮೂರಿನ ಕೇರಿಯಲ್ಲಿ ಕ್ರಿಸ್ತಬೋಧನೆ ಮಾಡುತ್ತಿದ್ದ ಉಪದೇಶಿಯವರು ಕಣ್ಣಮುಂದೆ ಬಂದರು. ಹೊಳೆಯಿಂದ ಎದ್ದು ಬಂದು, ಒದ್ದೆ ಪಂಚೆಯನ್ನೂ ಬದಲಾಯಿಸದೆ, ಜ್ವರದ ಮುದುಕಿಯೊಬ್ಬಳ ಪಕ್ಕದಲ್ಲಿ ಅವರು ಕೂತಿದ್ದರು. ಗುಡಿಸಲಿನ ತುಂಬ ಇದೇ ವಾಸನೆ ಇತ್ತು.

ನಮ್ಮ ಊರು ಹೆಗ್ಗಡದೇವನಕೋಟೆಯ ಕಡೆಯದು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ಕಾಲುದಾರಿ ಹಿಡಿಯಬೇಕಿತ್ತು. ಮಹಾರಾಜರ ಕಾಲ, ಹೊರಗೆಲ್ಲೋ ಯುದ್ಧ ನಡೆಯುತ್ತಿದ್ದ ವರ್ಷಗಳು. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಉಪದೇಶಿಯವರು ಅದಕ್ಕೂ ಮೊದಲೇ ಕೋಲಾರದ ಕಡೆಯಿಂದ ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬಂದು ಊರಾಚೆಯ ಕೇರಿಯಲ್ಲಿ ನೆಲೆಸಿದ್ದರು. ತೆಳ್ಳಗಿನ, ಉದ್ದ ಕತ್ತಿನ ಮನುಷ್ಯ. ಯಾರಾದರೂ ಕರೆದರೆ ಏನೋ ಕೆಟ್ಟ ಸುದ್ದಿಯೇ ಇರಬೇಕೆಂಬಂತೆ ತಿರುಗಿ ನೋಡುತ್ತಿದ್ದರು. ಮೊದಮೊದಲು ಅವರ ಪ್ರಾರ್ಥನೆ ಒಂದು ಹೊಂಗೆಮರದ ಕೆಳಗೆ ನಡೆಯುತ್ತಿತ್ತು. ಆಮೇಲೆ ಕೇರಿಯವರು ನನ್ನ ಅಪ್ಪನ ಹತ್ತಿರ ಬಂದು ಕೇಳಿದರು. ಅಪ್ಪ ನಮ್ಮ ಹೊಲದ ಒಂದು ಅಂಚನ್ನು ಬರೀ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟರು. ಅಲ್ಲಿ ಬಿದಿರು ನೆಟ್ಟು, ಹುಲ್ಲು ಹೊದಿಸಿ, ಪ್ರಾರ್ಥನೆಯ ಗುಡಿಸಲು ಎದ್ದಿತು.

ಇವರ ಸಭೆಯ ಎರಡು ಪದ್ಧತಿಗಳು ಊರಿಗೆ ವಿಚಿತ್ರವಾಗಿ ಕಂಡಿದ್ದವು. ಹುಣಸೂರಿನ ಬೇರೆ ಸಭೆಯವರು ತಲೆಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕೆನ್ನುತ್ತಿದ್ದರಂತೆ. ಇವರಲ್ಲಿ ದೀಕ್ಷಾಸ್ನಾನವೆಂದರೆ ಇಡೀ ಮೈ ನೀರಿನೊಳಗೆ ಹೋಗಿ ಬರಬೇಕು. ಎರಡನೆಯದು ನನ್ನನ್ನು ಹೆಚ್ಚು ಕಾಡಿದ್ದು. ಯಾರನ್ನು ಮುಳುಗಿಸಬೇಕು, ಯಾವಾಗ ಎಂಬುದನ್ನು ಉಪದೇಶಿ ನಿರ್ಧರಿಸುವಂತಿರಲಿಲ್ಲ. ಈಗಾಗಲೇ ಮುಳುಗಿ ಎದ್ದವರೆಲ್ಲ ಕೂತು, ಬಂದವರನ್ನು ಪ್ರಶ್ನೆ ಕೇಳಿ, ಕೈ ಎತ್ತಿ ತೀರ್ಮಾನಿಸಬೇಕು. ಊರಿನ ಯಾವ ಮಾತಿಗೂ ಯಾರೂ ಕರೆಯದ ಜನ, ಹೆಂಗಸರೂ ಸೇರಿ, ಕೈ ಎತ್ತಿ ತೀರ್ಮಾನ ಮಾಡುವುದು! ಪ್ರಜಾಪ್ರಭುತ್ವದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತಿದ್ದ ನಾನು ಅದನ್ನು ಕಣ್ಣಾರೆ ಕಂಡದ್ದು ಆ ಹುಲ್ಲಿನ ಸೂರಿನ ಕೆಳಗೆ. ದೇವರನ್ನು ನಾನು ಆಗಲೂ ನಂಬುತ್ತಿರಲಿಲ್ಲ, ಈಗಲೂ ಇಲ್ಲ. ಆದರೂ ರಜೆಗೆ ಬಂದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆ. ಉಪದೇಶಿಯವರಿಗೆ ಹಳೆಯ ಪತ್ರಿಕೆಗಳನ್ನು ಕೊಟ್ಟು, ಅವರ ಜೊತೆ ವಾದ ಮಾಡಿ ಬರುತ್ತಿದ್ದೆ.

ಆ ದಸರಾ ರಜೆಗೆ ನಾನು ಬಂದಾಗ ಕೇರಿಯ ಮುದುಕಿಯೊಬ್ಬಳಿಗೆ ಚಳಿಜ್ವರ ಹಿಡಿದಿತ್ತು. ನಮ್ಮ ಗದ್ದೆಯ ನಾಟಿಗೆ ಪದ ಹೇಳಿಕೊಡುತ್ತಿದ್ದವಳು ಅವಳೇ. ನಾಲಿಗೆ ಬಲು ಚುರುಕು. ಮೊದಲ ಸಲ ಕೆಲವರು ಹೊಳೆಗಿಳಿದಾಗ ಇವಳು ದಡದಲ್ಲೇ ನಿಂತು, “ಮೊದ್ಲು ನೀವು ಮುಳುಗಿ. ಯಾರ್ಗೂ ನೆಗಡಿ ಆಗ್ನಿಲ್ಲ ಅಂದ್ರೆ ಆಮ್ಯಾಕೆ ನಾನು,” ಎಂದು ಎಲ್ಲರನ್ನೂ ನಗಿಸಿದ್ದಳಂತೆ. ಈಗ ಜ್ವರ ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು. ನಮ್ಮ ಕಡೆ ಆ ಜ್ವರಕ್ಕೆ ಹೋದವರ ಮನೆ ಇಲ್ಲದ ಬೀದಿ ಇರಲಿಲ್ಲ. ಯುದ್ಧದಿಂದಾಗಿ ಕ್ವಿನೈನ್ ಮಾತ್ರೆ ಸಿಗುವುದೂ ಕಷ್ಟವಾಗಿತ್ತು. ಸಾಯುವ ಮೊದಲು ಮುಳುಗಬೇಕು, ತನ್ನವರ ಪಕ್ಕದಲ್ಲೇ ತನ್ನನ್ನು ಹೂಳಬೇಕು ಎಂದು ಅವಳು ಹಟ ಹಿಡಿದಿದ್ದಳು.

ಅವಳ ಅರಿಕೆಯನ್ನು ಸಭೆ ಕೇಳಿದ ದಿನ ನಾನು ಗುಡಿಸಲಿನ ಬಾಗಿಲಲ್ಲಿ ನಿಂತಿದ್ದೆ. ಓದಲು ಬೆಳಕು ಬೇಕಾದ್ದರಿಂದ ಉಪದೇಶಿಯವರು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ನನಗೆ ಜನರ ಮುಖ ಕಾಣುತ್ತಿತ್ತು, ಅವರ ಬೆನ್ನು ಕಾಣುತ್ತಿತ್ತು.

“ಅವ್ವಾ, ನೀರಲ್ಲಿ ಮುಳುಗಿದರೇ ಮೋಕ್ಷ ಅಂತ ನಾನು ಯಾವತ್ತೂ ಹೇಳಿಲ್ಲ,” ಎಂದರು ಅವರು. “ನಂಬಿಕೆ ಇದ್ದರೆ ಆಯಿತು. ಜ್ವರ ಬಿಡಲಿ. ಹೊಳೆ ಎಲ್ಲಿಗೂ ಹೋಗುವುದಿಲ್ಲ.”

“ಒಳೆ ಓಗಾಕಿಲ್ಲ ಕಣಪ್ಪ, ನಾನು ಓಯ್ತೀನಿ. ನೀವು ಯೋಳ್ದಂಗೆ ನಂಬಿವ್ನಿ. ಈಗ ನೀವು ಯೋಳ್ದಂಗೇ ಮುಳುಗ್ಸಿ.”

“ತಲೆ ಮ್ಯಾಲೆ ವಸಿ ನೀರು ಉಯ್ದುಬುಟ್ರೆ ಆಗಾಕಿಲ್ವಾ?” ಎಂದು ಯಾರೋ ಕೇಳಿದರು.

“ಅರ್ಧಂಬರ್ಧ ನೆನ್ಯಕೆ ನಾನೇನ್ಲಾ ನಾಟಿ ಪೈರಾ?” ಎಂದಳು ಮುದುಕಿ. ಗುಡಿಸಲು ಗೊಳ್ಳೆಂದಿತು. ಅವಳ ಸೊಸೆ ಮಾತ್ರ ನಗಲಿಲ್ಲ. ಉಪದೇಶಿಯವರ ಎದುರಿಗೇ ಕೂತಿದ್ದ ಆ ಹುಡುಗಿ ಸೆರಗಿನ ತುದಿಯನ್ನು ಕಚ್ಚಿಕೊಂಡಿದ್ದಳು.

ನಮ್ಮ ಹೊಲಗದ್ದೆಯ ಕೆಲಸಕ್ಕಿದ್ದ ಕೇರಿಯ ಆರಂಬದಾಳು ಸಭೆಗೆ ಮೊದಲು ಸೇರಿದವರಲ್ಲಿ ಒಬ್ಬ. ಅವನು ಎದ್ದು ನಿಂತ. “ಜರ ಬರ್ದಿರೋ ದಿನ ನೋಡಿ ಇಳ್ಸಾದು. ಒಪ್ಪೋರು ಕೈ ಎತ್ರಪ್ಪ.”

ಕೈಗಳು ಎದ್ದವು. ಕೆಸರು, ಸುಣ್ಣ, ಹೊಗೆಸೊಪ್ಪಿನ ಕಲೆ ಹತ್ತಿದ ಕೈಗಳು. ಸೊಸೆಯ ಕೈ ಎಲ್ಲರಿಗಿಂತ ತಡವಾಗಿ ಎದ್ದಿತು. ಇದಿಷ್ಟು ಚೆನ್ನಾಗಿ ನೆನಪಿದೆ. ಉಪದೇಶಿಯವರೂ ಕೈ ಎತ್ತಿದರೇ? ಒಮ್ಮೆ ನೆನೆದರೆ ಅವರ ಭುಜ ಮೇಲೆ ಸರಿದಂತೆ ಕಾಣುತ್ತದೆ, ಇನ್ನೊಮ್ಮೆ ಕಲ್ಲಿನಂತೆ ಸುಮ್ಮನಿದ್ದಂತೆ... “ಸಭೆ ಹೇಳಿತು. ಆಗಲಿ,” ಎಂದು ಅವರು ನಿಧಾನವಾಗಿ ಹೇಳಿದ್ದು ಮಾತ್ರ ಕೇಳಿಸಿತು.

ಜ್ವರವಿಲ್ಲದ ದಿನ ಬೆಳಿಗ್ಗೆ ಹೊಳೆಗೆ ಹೋದರು. ಊರಿನವರ ಸ್ನಾನದ ಸೋಪಾನಕಟ್ಟೆಯಿಂದ ಬಹಳ ಕೆಳಗೆ, ಎಮ್ಮೆ ಮೈ ತೊಳೆಯುವ ಜಾಗ. ನಮ್ಮೂರಿನ ಕೆಲವರು ದಿಬ್ಬದ ಮೇಲೆ ನಿಂತು ನೋಡುತ್ತಿದ್ದರು. ಮುದುಕಿ ಸೊಂಟದ ಮಟ್ಟದ ನೀರಿಗೆ ಹೋಗುವಷ್ಟರಲ್ಲಿ ನಡುಗತೊಡಗಿದಳು. ಹೊಳೆಯ ನೀರು ತಣ್ಣಗಿತ್ತೇ, ಜ್ವರ ದಿನ ತಪ್ಪಿ ಅಂದೇ ಬಂದಿತ್ತೇ? ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿರಲಾರದು. ಉಪದೇಶಿಯವರು ಅವಳ ಕಿವಿಯ ಬಳಿ ಏನೋ ಕೇಳಿದರು. ಅವಳು ತಲೆ ಆಡಿಸಿದಳು. ಅವಳನ್ನು ಹಿಂದಕ್ಕೆ ಬಾಗಿಸಿ, ಮುಳುಗಿಸಿ, ಎತ್ತಿದರು. ಅವಳ ಮುಖದಲ್ಲಿ ನಗು ಇತ್ತೆಂದು ಕೇರಿಯವರು ಹೇಳುತ್ತಾರೆ. ನಾನು ಕಂಡದ್ದು ಕಟಕಟನೆ ಬಡಿದುಕೊಳ್ಳುತ್ತಿದ್ದ ಹಲ್ಲುಗಳನ್ನು.

ಮಧ್ಯಾಹ್ನದ ಹೊತ್ತಿಗೆ ಅವಳ ಮೈ ಕಾದ ಹಂಚಾಗಿತ್ತು. ಅವಳನ್ನು ಪ್ರಾರ್ಥನೆಯ ಗುಡಿಸಲಿನಲ್ಲೇ ಮಲಗಿಸಿದ್ದರು. ಉಪದೇಶಿಯವರು ಪಕ್ಕದಲ್ಲಿ ಕೂತಿದ್ದರು, ಪಂಚೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ನನ್ನನ್ನು ಕಂಡವರೇ, “ಕ್ವಿನೈನ್ ಎಲ್ಲಾದರೂ ಸಿಕ್ಕೀತೇ? ನನ್ನ ಹತ್ತಿರ ಇದ್ದದ್ದು ಮುಗಿಯಿತು,” ಎಂದರು.

ಸೈಕಲ್ಲು ತುಳಿದುಕೊಂಡು ಹ್ಯಾಂಡ್‌ಪೋಸ್ಟಿಗೆ ಹೋದೆ. ಅಲ್ಲಿನ ದಿನಸಿ ಅಂಗಡಿಯ ಸಾಹೇಬರು ನನ್ನ ಮುಖ ನೋಡಿಯೇ ತಲೆ ಅಲ್ಲಾಡಿಸಿದರು.

“ಅರೆ, ಎಲ್ಲಿದೆ ಸ್ವಾಮಿ ಕ್ವಿನೈನು? ಎಲ್ಲ ಲಡಾಯಿಗೆ ಹೋಯ್ತು. ಯಾರಿಗೆ, ನಿಮ್ಮ ತಂದೆಯವರಿಗಾ?”

“ಅಲ್ಲ. ಕೇರಿಯ ಮುದುಕಿಗೆ. ನಾಟಿಗೆ ಪದ ಹೇಳುವವಳು.”

ಅವರು ಎದ್ದು ಒಳಗೆ ಹೋದರು. ಪರದೆಯ ಹಿಂದೆ ಹೆಂಗಸೊಬ್ಬರು ಉರ್ದುವಿನಲ್ಲಿ ಬೇಡವೆನ್ನುತ್ತಿದ್ದದ್ದು ಕೇಳಿಸಿತು. ಸಾಹೇಬರು ಒಂದು ಪೊಟ್ಟಣ ತಂದು ನನ್ನ ಜೇಬಿಗೆ ತುರುಕಿದರು. “ಮಕ್ಕಳಿಗೆ ಅಂತ ಇಟ್ಟಿದ್ದು. ಅವಳಿಗೆ ಹೇಳಿ, ಎದ್ದು ಬಂದು ಒಂದು ಪದ ಹೇಳ್ಬೇಕು ಅಂತ. ಹೋಗಿ, ಹೋಗಿ.”

ಮಾತ್ರೆ ಕೊಟ್ಟರು. ಕಾದರು. ಜ್ವರ ಇಳಿಯಿತು, ಮತ್ತೆ ಏರಿತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಿದ್ದು ನೆನಪಿಲ್ಲ. ಅಪ್ಪ ಜಗಲಿಯಿಂದಲೇ ಕೇರಿಯ ಕಡೆ ಕಿವಿಗೊಟ್ಟು ಕೂರುತ್ತಿದ್ದರು, ಅಲ್ಲಿಂದ ಅಳು ಎದ್ದೀತೇ ಎಂದು. ಮುದುಕಿ ಸತ್ತರೆ ಗುಡಿಸಲು ಉಳಿಯುವುದಿಲ್ಲವೆಂದು ಊರಿನ ಹಿರಿಯರು ಆಗಲೇ ಹೇಳಿ ಹೋಗಿದ್ದರು.

ಅಳು ಎದ್ದಿತು.

ಮಣ್ಣು ಮುಗಿದ ಮರುದಿನ ಹಿರಿಯರು ನಮ್ಮ ಜಗಲಿಯ ಮೇಲೆ ಕೂತರು. ಅಂಗಳದಲ್ಲಿ ಕೇರಿಯವರು, ಅವರ ಮುಂದೆ ಉಪದೇಶಿಯವರು. ಕೇರಿಯವರೆಲ್ಲ ಸೇರಿ ಮುದುಕಿಯನ್ನು ಹೊಳೆಗಿಳಿಸಿದ್ದಾದರೆ ಮುಂದಿನ ಕುಯ್ಲಿಗೆ ಅವರಲ್ಲಿ ಯಾರನ್ನೂ ಕರೆಯಕೂಡದು, ಗುಡಿಸಲನ್ನೂ ಕೀಳಿಸಬೇಕು ಎಂಬ ಮಾತು ಅಲ್ಲಿ ಎದ್ದಿತ್ತು. ಆ ಕೂಲಿ ತಪ್ಪಿದರೆ ಕೇರಿಯಲ್ಲಿ ಒಲೆ ಉರಿಯುವಂತಿರಲಿಲ್ಲ.

ಅಪ್ಪ ಕೇಳಿದರು: “ಜರದ ಎಂಗಸ್ನ ಒಳೆಗೆ ಇಳ್ಸಿ ಅಂತ ಅಂದೋರು ಯಾರಪ್ಪಾ?”

ನಮ್ಮ ಆರಂಬದಾಳು ಬಾಯಿ ತೆರೆದ. “ಬುದ್ಧೀ, ನಾವು...”

“ನಾನು,” ಎಂದರು ಉಪದೇಶಿಯವರು, ಅವನ ಮಾತಿಗೆ ಅಡ್ಡ ಬಂದು. “ನಿಶ್ಚಯ ಮಾಡಿದ್ದೂ ನಾನೇ, ಇಳಿಸಿದ್ದೂ ನಾನೇ. ಇವರು ನನ್ನ ಮಾತು ಕೇಳಿದರು, ಅಷ್ಟೇ.”

ಅವರ ಉದ್ದ ಕತ್ತಿನ ನರ ಹಾರುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆರಂಬದಾಳು ತೆರೆದ ಬಾಯಿ ಮುಚ್ಚಿ ಹಿಂದಕ್ಕೆ ಸರಿದ.

ಅಂದೇ ನಾನು ದನದ ಕೊಟ್ಟಿಗೆಯಲ್ಲಿ ಅಪ್ಪನನ್ನು ಹಿಡಿದು, ಕೇರಿಯವರು ಕೈ ಎತ್ತಿದ್ದನ್ನು ಹೇಳಿದೆ. ಅಪ್ಪ ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ. “ನಂಗೊತ್ತಿಲ್ವೇನ್ಲಾ? ಕೇರಿಯೋರೆಲ್ಲ ಅಂದ್ರೆ ಕೇರಿ ಎಲ್ಲಿಗೆ ಓಗದು, ಗದ್ದೆ ಕುಯ್ಯೋರು ಯಾರು? ಒಬ್ಬ್ರ ಮ್ಯಾಲೆ ಓದ್ರೆ ಊರು ತಣ್ಣಗಾಯ್ತದೆ. ಆ ಮನ್ಸ ಅದ್ನ ಅರ್ತವ್ನೆ. ಸುಮ್ನಿರು.”

ಉಪದೇಶಿಯವರು ಊರು ಬಿಟ್ಟರು. ಗುಡಿಸಲು ಉಳಿಯಿತು. ಕುಯ್ಲಿಗೆ ಕೇರಿಯವರೇ ಬಂದರು. ಸಭೆ ಕೆಲಕಾಲ ಉಪದೇಶಿ ಇಲ್ಲದೆಯೇ ಸೇರಿತು, ಆಮೇಲೆ ಬೇರೊಬ್ಬರು ಬಂದರು. ಮತಕ್ಕೆ ಸೇರಿದವರ ಲೆಕ್ಕ ಹೆಚ್ಚಿಸಲು ಜ್ವರದ ಹೆಂಗಸನ್ನು ಮುಳುಗಿಸಿ ಕೊಂದವನು ಎಂದು ಊರಿನವರು ಅವರನ್ನು ಬಹಳ ವರ್ಷ ಆಡಿಕೊಂಡರು.

ನನಗೆ ಮಾತ್ರ ನೆಮ್ಮದಿ ಇರಲಿಲ್ಲ. ಅವರೂ ಕೈ ಎತ್ತಿದ್ದರೆ ಅಂಗಳದಲ್ಲಿ ಹೇಳಿದ್ದರಲ್ಲಿ ಅರ್ಧವಾದರೂ ನಿಜ. ತಪ್ಪು ಮಾಡಿದವನು ಒಪ್ಪಿಕೊಂಡ, ಆಯಿತು. ಎತ್ತಿರದಿದ್ದರೆ? ಸುಳ್ಳು ಹೇಳಬಾರದೆಂದು ವಾರವಾರವೂ ಬೋಧಿಸುತ್ತಿದ್ದ ಮನುಷ್ಯ ತನ್ನ ಸಭೆಯ ಎದುರಿಗೇ ಸುಳ್ಳು ಹೇಳಿದ್ದ; ಅವರೆಲ್ಲರಿಗೂ ಅದು ಸುಳ್ಳೆಂದು ಗೊತ್ತಿತ್ತು. ನಾನು ನೋಡಿದ್ದು ಬರೀ ಬೆನ್ನನ್ನು. ಅವರನ್ನೇ ಕೇಳೋಣವೆಂದು ಹುಡುಕಿದೆ. ಕೋಲಾರದ ಕಡೆಯ ಪರಿಚಯದವರಿಗೆಲ್ಲ ಬರೆದೆ. ಅವರು ಎಲ್ಲಿದ್ದರು, ಎಲ್ಲಿ ಸತ್ತರು, ಯಾರು ಮಣ್ಣು ಹಾಕಿದರು... ಏನೂ ತಿಳಿಯಲಿಲ್ಲ. ನಾನು ಹುಡುಕಹೊರಟದ್ದೇ ತಡವಾಗಿತ್ತು. ಅವರ ಒಂದು ಪಟವೂ ಎಲ್ಲೂ ಇಲ್ಲ. ಈಗ ಅವರ ಮುಖವೂ ನನಗೆ ಮಸುಕು.

ಕೆಲಸದಿಂದ ನಿವೃತ್ತನಾದ ಮೇಲೆ ಊರಿಗೆ ಹೋದೆ. ಗುಡಿಸಲಿದ್ದ ಕಡೆ ಈಗ ಸಭೆಯವರ ಹೆಂಚಿನ ದೇವಾಲಯವಿದೆ. ಮುದುಕಿಯ ಸೊಸೆ ತಾನೇ ಮುದುಕಿಯಾಗಿ ಅದರ ಮೆಟ್ಟಿಲ ಮೇಲೆ ಕೂತಿದ್ದಳು. ಅಂದು ಉಪದೇಶಿಯವರೂ ಕೈ ಎತ್ತಿದ್ದರೇ ಎಂದು ನಾನು ಕೇಳಿದೆ. ಅವಳು ಹೇಳಿದ್ದನ್ನು ಅಷ್ಟಕ್ಕೇ ನಂಬಲು ನನಗೆ ಮನಸ್ಸಾಗಲಿಲ್ಲ. ಅತ್ತೆಯನ್ನು ಕಳೆದುಕೊಂಡವಳು, ಉಪದೇಶಿಯವರನ್ನು ದೇವರಂತೆ ಕಾಣುವವಳು. ನಮ್ಮ ಹಳೆಯ ಆರಂಬದಾಳು ಎಂದೋ ಸಭೆ ಬಿಟ್ಟು, ಮಗಳ ಮನೆ ಸೇರಿ ರಾವಂದೂರಿನಲ್ಲಿದ್ದಾನೆಂದು ತಿಳಿಯಿತು. ಅವನಿಗೂ ಇವಳಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಅಲ್ಲಿಗೂ ಹೋದೆ. ಅವಳ ಮಾತನ್ನು ಹೇಳದೆ, ಬರೀ ಪ್ರಶ್ನೆಯನ್ನಷ್ಟೇ ಅವನ ಮುಂದಿಟ್ಟೆ.

ಅವನು ತನ್ನ ಎರಡು ಕೈಗಳನ್ನೂ ಮಂಡಿಯ ಮೇಲೆ ಬೋರಲಾಗಿ ಇಟ್ಟು ತೋರಿಸಿದ. “ಇಂಗೆ ಮಡಗ್ಕಂಡಿದ್ರು ಕಣ್ರೀ. ಅಲ್ಲಾಡ್ಸ್ಲೇ ಇಲ್ಲ.”

ಸೊಸೆಯೂ ಹೇಳಿದ್ದು ಅದನ್ನೇ. ಉಪದೇಶಿಯವರು ಅಂದು ಕೈ ಎತ್ತಿರಲಿಲ್ಲ.