ಬುತ್ತಿ ಆರಾಕತ್ತೈತಿ

ನಮ್ಮ ವಿಭಾಗದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ನನ್ನ ಗಂಡ. ನಾನು ಅದೇ ವಿಭಾಗದಲ್ಲಿ ಸಂಶೋಧಕಿ. ಅವನು ಧಾರವಾಡದವನು, ನಾನು ಮೈಸೂರಿನವಳು. ಬನಾರಸಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ ಬಂದವರು ಇಲ್ಲೇ ಬೇರು ಬಿಟ್ಟೆವು. ಅವನ ಮಾತನ್ನು ಅಣಕಿಸುವುದು ನನ್ನ ಚಾಳಿ, ನನ್ನದನ್ನು ‘ಬೆಣ್ಣಿ ಹಚ್ಚಿದ ಮಾತು’ ಎಂದು ಹಂಗಿಸುವುದು ಅವನದು.

ಒಂದೊಂದೇ ಯಂತ್ರದ ಮುಂದೆ ಕೂತು ಅಪ್‌ಡೇಟ್ ಹಾಕಿ ಅವನಿಗೆ ಬೇಸರ ಬಂದಿತ್ತು. ಎಲ್ಲವನ್ನೂ ಒಂದು ಸರ್ವರಿಗೆ ಜೋಡಿಸಿ, ಪ್ರತಿ ಮಂಗಳವಾರ ಮಧ್ಯಾಹ್ನ ಜನ ಊಟಕ್ಕೆ ಎದ್ದಾಗ ಯಂತ್ರಗಳು ತಾವೇ ಅಪ್‌ಡೇಟ್ ಆಗಿ ಮತ್ತೆ ಶುರುವಾಗುವಂತೆ ಮಾಡಿದ. ಮೊದಲ ವಾರ ಎಲ್ಲರೂ ಎದ್ದರು, ನಾನು ಏಳಲಿಲ್ಲ. ಕೆಲಸದಲ್ಲಿ ಮುಳುಗಿದರೆ ನನಗೆ ಹಸಿವೂ ತಿಳಿಯದು. ಸೇವ್ ಮಾಡದೆ ಬಿಟ್ಟಿದ್ದ ಬೆಳಗಿನ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕೋಪದಲ್ಲಿ ಅವನ ಜೊತೆ ಮಾತು ಬಿಟ್ಟೆ.

ಮುಂದಿನ ಮಂಗಳವಾರ ಯಂತ್ರ ನಿಲ್ಲುವುದಕ್ಕೆ ಸ್ವಲ್ಪ ಮೊದಲು ಪರದೆಯ ಮೇಲೆ ಕನ್ನಡ ಮೂಡಿತು: ‘ಸಾಕ್ ಮಾಡು ಇನ್ನ. ಎಲ್ಲಾ ಸೇವ್ ಮಾಡಿ ಎದ್ದ್ ಬಾ. ಬುತ್ತಿ ಆರಾಕತ್ತೈತಿ.’

ಅದು ನನ್ನೊಬ್ಬಳಿಗೆಂದು ಬರೆದದ್ದು. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ. ನನ್ನ ಯಂತ್ರವನ್ನು ಆಯ್ಕೆ ಮಾಡುವ ಬದಲು ಇಡೀ ಗುಂಪನ್ನೇ ಆಯ್ಕೆ ಮಾಡಿದ್ದ. ಕನ್ನಡದ ಗಂಧವಿಲ್ಲದ ಪ್ರೊಫೆಸರುಗಳ ಪರದೆಯ ಮೇಲೂ ಅವನ ಬುತ್ತಿ ಆರುತ್ತಿತ್ತು. ವೈರಸ್ಸೆಂದು ಒಬ್ಬರು ವೈರನ್ನೇ ಕಿತ್ತರು. ಇನ್ನೊಬ್ಬರು ಬಾಗಿಲಲ್ಲಿ ನಿಂತು, “ಅರೇ ಭಾಯಿ, ಯೇ ಕೌನ್ ಸಾ ಮಂತ್ರ್ ಹೈ?” ಎಂದರು. ನಾಚಿಕೆಯಿಂದ ಕೆಂಪಾಗಿ ಅರ್ಥ ಹೇಳಿದ್ದು ನಾನೇ. ಆಮೇಲೆ ಅವನು ಆ ಸಾಲನ್ನು ತೆಗೆಯುತ್ತೇನೆಂದರೂ ಅವರು ಬಿಡಲಿಲ್ಲ. ಮಂಗಳವಾರ ಆ ಅಕ್ಷರ ಕಂಡರೆ ಸಾಕು, “ಚಲ ಭಇಯಾ, ಬುತ್ತಿ ಆ ಗಇಲ” ಎಂದು ಇಡೀ ವಿಭಾಗ ಊಟಕ್ಕೆ ಎದ್ದುಬಿಡುತ್ತಿತ್ತು.

ಹೋದ ಚಳಿಗಾಲ ಅವನು ತೀರಿಕೊಂಡ. ಗೋದೌಲಿಯಾ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಆ ಜನಸಂದಣಿಯಿಂದ ಹೊರಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿನಿಂದ ಫೋನ್ ಮಾಡಿದವರೆಲ್ಲ, “ಕಾಶ್ಯಾಗ ಹೋದ, ಪುಣ್ಯವಂತ” ಎಂದರು. ನನಗೆ ಮೈ ಉರಿಯಿತು. ಪುಣ್ಯ ಅವನಿಗೆ, ಉಳಿದ ಬದುಕು ಯಾರಿಗೆ?

ರಜೆ ಮುಗಿಸಿ ಹೋದ ಮೊದಲ ಮಂಗಳವಾರ ಅವನ ಸಾಲು ಮತ್ತೆ ಮೂಡಿತು. ಸರ್ವರ್ ಯಂತ್ರಕ್ಕೆ ಸುದ್ದಿ ಮುಟ್ಟಿಸುವವರು ಯಾರು? ಆ ದಿನ ಯಾರೂ ಬುತ್ತಿಯ ಮಾತೆತ್ತಲಿಲ್ಲ. ನಾನು ಶೌಚಾಲಯದ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಆದರೂ ಆಮೇಲಿನ ವಾರಗಳನ್ನು ಮಂಗಳವಾರಕ್ಕಾಗಿಯೇ ದೂಡಿದೆ.

ಈ ಬೇಸಿಗೆಯಲ್ಲಿ ಆದೇಶ ಬಂತು. ಎಲ್ಲ ವಿಭಾಗಗಳ ಅಪ್‌ಡೇಟೂ ಇನ್ನು ಒಂದೇ ಕಡೆಯಿಂದ, ಹಳೆಯ ಸರ್ವರುಗಳನ್ನು ನಿಲ್ಲಿಸಿಬಿಡಬೇಕು. ಕೆಲಸಕ್ಕೆ ಬಂದ ಇಂಜಿನಿಯರ್ ಹೆಂಗಸು ಒಳ್ಳೆಯವಳು. ವಿಷಯ ತಿಳಿದು, “ದೀದಿ, ವಹೀ ಮೆಸೇಜ್ ನಯೇ ಮೇಂ ಡಾಲ್ ದೂಂ?” ಎಂದು ಕೇಳಿದಳು. ಬೇಡವೆಂದೆ. ಅದೇ ಸಾಲನ್ನು ಹೊಸದರಲ್ಲಿ ಹಾಕಿಸಿದರೆ ಊಟಕ್ಕೆ ಕರೆಯುವವಳು ನಾನೇ ಆಗುತ್ತೇನೆ, ಅವನಲ್ಲ. ನನಗೆ ಬೇಕಾಗಿದ್ದದ್ದು ಅವನು ಕರೆಯುವುದು.

ಕೊನೆಯ ಮಂಗಳವಾರ ಮಗಳನ್ನೂ ಕರೆದುಕೊಂಡು ಹೋದೆ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ, ಮಾತಿಗೆ ಹಿಂದಿಯೇ ಮೊದಲು. ಸಾಲು ಮೂಡಿದಾಗ ಅವಳು ಪರದೆಯ ಮೇಲೆ ಬೆರಳಿಟ್ಟು, “ಪಪ್ಪಾ ನೇ ಕ್ಯಾ ಲಿಖಾ ಹೈ? ಓದಮ್ಮಾ” ಎಂದಳು. ಓದಿದೆ.

“ಐಸೇ ನಹೀಂ. ಪಪ್ಪಾ ಹೇಳೋ ಥರ.”

ಮತ್ತೆ ಓದಿದೆ. ಇಷ್ಟು ವರ್ಷ ಅಣಕಿಸಿ ನಗಿಸುತ್ತಿದ್ದ ನಾಲಿಗೆ ಅವತ್ತು ತಿರುಗಲಿಲ್ಲ. ಅವನ ದನಿ ಏರುವ ಕಡೆ ನನ್ನದು ಇಳಿಯಿತು. ಇನ್ನೊಮ್ಮೆ ಶುರು ಮಾಡಿದೆ, ಅಷ್ಟರಲ್ಲಿ ಪರದೆ ಕಪ್ಪಾಯಿತು. ಓದಲು ಏನೂ ಉಳಿಯದ ಮೇಲೂ ನಾನು ಬಾಯಿಪಾಠದಿಂದ ಹೇಳುತ್ತಲೇ ಇದ್ದೆ, ಬೇರೆ ಬೇರೆ ರಾಗದಲ್ಲಿ, ಒಂದಾದರೂ ಅವನದಾದೀತೆಂದು. ಮಗಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

“ರಹನೇ ದೋ ಅಮ್ಮಾ,” ಎಂದಳು. “ಕಿವೀಲಿ ಇರೋ ಪಪ್ಪಾ ದನೀನೂ ಮರೆತುಹೋಗುತ್ತೆ.”