ಒಂದೇ ನಕ್ಷತ್ರದವರು

ದೀಪ ಹಚ್ಚುವ ಹೊತ್ತಾದರೆ ಅಕ್ಕ ಬಲಗೈಯ ಹಿಂಬದಿಯನ್ನು ಮುಂದೆ ಚಾಚಿಕೊಂಡು ನಡೆಯುತ್ತಿದ್ದಳು, ತೂಗುಬಿಟ್ಟ ಪರದೆಯನ್ನು ಸರಿಸುವವಳ ಹಾಗೆ. ಆ ಕೈಯ ಗೆಣ್ಣುಗಳ ಮೇಲೆ ಯಾವಾಗಲೂ ಒಂದು ತರಚು ಗಾಯ ಇರುತ್ತಿತ್ತು. ಬಾಗಿಲ ಚೌಕಟ್ಟು, ಫ್ರಿಜ್ಜಿನ ಮೂಲೆ, ಮೆಟ್ಟಿಲ ಕಂಬಿ, ಏನಾದರೊಂದು ತಾಗಿರುತ್ತಿತ್ತು. ಗಾಯದ ಸುತ್ತ ಸೀಮೆಸುಣ್ಣದ ಪುಡಿ. ಅಂಗೈ ಚಾಚಬಾರದೇ ಎಂದು ಒಮ್ಮೆ ಕೇಳಿದ್ದೆ. ಅಂಗೈ ಬೋರ್ಡಿನ ಮೇಲೆ ಬರೆಯುವುದಕ್ಕೆ ಬೇಕು, ಹಿಂಬದಿಗೆ ಬೇರೆ ಕೆಲಸ ಇಲ್ಲ ಎಂದಿದ್ದಳು.

ಅಕ್ಕ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆಗಿದ್ದಳು. ನಾನು ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟವನು, ಒಂಬತ್ತನೆಯ ತರಗತಿಗೆ ಓದು ಬಿಟ್ಟವನು. ಹೀಗೆ ಕೂತು ಬರೆಯುವುದು ನನಗೆ ರೂಢಿಯಿಲ್ಲ. ಆದರೆ ಅಕ್ಕನ ಬಗ್ಗೆ ನಾನು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ, ಮತ್ತು ನಾನು ಮಾಡಿದ್ದು ನನಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ.

ನಾವಿಬ್ಬರೂ ಹುಟ್ಟಿದ್ದು ರೇವತಿ ನಕ್ಷತ್ರದಲ್ಲಿ. ಒಡಹುಟ್ಟಿದವರಿಗೆ ಒಂದೇ ನಕ್ಷತ್ರ ಬಂದರೆ ದೋಷ ಎನ್ನುತ್ತಾರೆ, ಅದಕ್ಕೆ ಶಾಂತಿ ಮಾಡಿಸುತ್ತಾರೆ. ನಮಗೂ ಮಾಡಿಸಿದ್ದರಂತೆ. ಆದರೂ ಅಜ್ಜಿಗೆ ಸಮಾಧಾನವಿರಲಿಲ್ಲ. ಒಂದೇ ದಿನ ಇಬ್ಬರಿಗೂ ಎಣ್ಣೆ ಹಚ್ಚಿ ಎರೆಯುತ್ತಿರಲಿಲ್ಲ. ಅಕ್ಕನಿಗೆ ಜ್ವರ ಬಂದರೆ ನನ್ನನ್ನು ಮಲ್ಕಾಜ್‌ಗಿರಿಯ ಮನೆಯಿಂದ ಸೋದರಮಾವನ ಮನೆಗೆ ಸಾಗಿಸುತ್ತಿದ್ದಳು. ಯಾಕೆ ಎಂದು ಕೇಳಿದರೆ ಒಂದೇ ಮಾತು: "ಒಂದ ಚುಕ್ಕಿಗೆ ಎರಡು ತಲಿ. ಒಂದು ಇನ್ನೊಂದನ್ನ ತಿಂದ ತಿಂತೈತಿ."

ಅಪ್ಪ ತೀರಿಕೊಂಡಾಗ ಅಂಗಡಿಯಲ್ಲಿ ಕೂರಲು ಒಬ್ಬರು ಬೇಕಾಗಿತ್ತು. ನಾನು ಕೂತೆ. ಓದಿನಲ್ಲಿ ನನಗೆ ಅಂಥ ಆಸೆಯೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಬಿಡುಗಡೆಯೇ ಸಿಕ್ಕಿತು. ಅಕ್ಕ ಕಾಲೇಜಿಗೆ ಹೋದಳು. ಬಂದವರ ಮುಂದೆಲ್ಲ ಅಜ್ಜಿ ಹೇಳತೊಡಗಿದಳು, ನೋಡಿರಿ, ಇವಳ ಓದು ಅವನ ಓದನ್ನು ತಿಂದಿತು ಅಂತ. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಆ ಮಾತು ಬಂದಾಗಲೆಲ್ಲ ಬಡಿಯುವ ಸದ್ದು ನಿಲ್ಲುತ್ತಿತ್ತು, ಆಮೇಲೆ ಮತ್ತೆ ಶುರುವಾಗುತ್ತಿತ್ತು. ಆ ಮಾತು ಸುಳ್ಳು ಎಂದು ಅಜ್ಜಿಗೆ ನಾನು ಒಂದು ಸಲವೂ ಹೇಳಲಿಲ್ಲ. ಹೇಳಬಹುದಿತ್ತು.

ಅಕ್ಕನ ಸ್ವಭಾವ ಬೇರೆ. ಕಂಡದ್ದನ್ನು ಕಂಡಿತು ಎನ್ನುವಳು, ಕಾಣದ್ದನ್ನು ಕಾಣಲಿಲ್ಲ ಎನ್ನುವಳು, ನಡುವಿನದು ಅವಳಿಗೆ ತಿಳಿಯದು. ಇದರಿಂದ ನೆಂಟರಲ್ಲಿ ಅವಳನ್ನು ಕಂಡರೆ ಆಗದವರು ಬಹಳ. ನನ್ನ ಮದುವೆಯಲ್ಲಿ ಭಟ್ಟರು ಮಟಮಟ ಮಧ್ಯಾಹ್ನ ನನ್ನನ್ನೂ ಮದುಮಗಳನ್ನೂ ಕಲ್ಯಾಣಮಂಟಪದ ಹೊರಗೆ ಕಾರು ನಿಲ್ಲಿಸುವ ಜಾಗಕ್ಕೆ ಕರೆತಂದು, ನೀರಿನ ಟ್ಯಾಂಕಿನ ಮೇಲುಗಡೆಗೆ ಬೆರಳು ತೋರಿಸಿ, ಅರುಂಧತಿ ಕಂಡಿತೇ ಎಂದರು. ಪಕ್ಕದಲ್ಲಿದ್ದ ಅಕ್ಕ ನನ್ನ ಹೆಂಡತಿಯ ಕಿವಿಯಲ್ಲಿ, "ಕಂಡಿದ್ರ ಕಂಡಿತನ್ನು, ಇಲ್ಲಂದ್ರ ಇಲ್ಲನ್ನು" ಎಂದಳು. ಹೊಸ ಹುಡುಗಿ, ಪಾಪ, ಮೇಲೆ ನೋಡಿ ಕಣ್ಣು ಕಿರಿದು ಮಾಡಿ, "ಕಾಣವಲ್ದರಿ" ಎಂದುಬಿಟ್ಟಳು.

ಭಟ್ಟರು ಬೆವರು ಒರೆಸಿಕೊಂಡರು. "ಕಾಣೂದು ಬ್ಯಾಡವಾ, ಕಂಡಿತು ಅಂದ್ರ ಸಾಕು. ಊಟಕ್ಕ ಹೊತ್ತಾಗಾಕತ್ತೈತಿ."

ನಾನು ಇಬ್ಬರ ಪರವಾಗಿಯೂ ಗಟ್ಟಿಯಾಗಿ, ಕಂಡಿತು ಕಂಡಿತು ಎಂದೆ. ಎಲ್ಲರೂ ನಕ್ಕರು, ಊಟಕ್ಕೆ ನಡೆದರು. ಅಕ್ಕ ಮಾತ್ರ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ನಿನ್ನ ಕಣ್ಣು ಭಾಳ ಚುರುಕ ಅದಾವ ಬಿಡೋ" ಎಂದಳು. ಆ ಮಾತು ಆಗ ತಮಾಷೆಯಾಗಿತ್ತು.

ಅವಳ ಕಣ್ಣಿನ ವಿಷಯ ಗೊತ್ತಾದದ್ದು ಅದಾದ ಕೆಲವು ವರ್ಷಕ್ಕೆ. ಇರುಳುಗುರುಡು, ಕಣ್ಣಿನ ಒಳಪರದೆ ಸವೆಯುವ ರೋಗ, ಔಷಧಿಯಿಲ್ಲ ಎಂದರು ಡಾಕ್ಟರು. ಮೊದಲು ಮಂದ ಬೆಳಕು ಕಾಣದಾಗುತ್ತದೆ, ಆಮೇಲೆ ಬದಿಯ ನೋಟ ಹೋಗುತ್ತದೆ, ನಡುವಿನ ನೋಟ ಕೊನೆಯವರೆಗೆ ಉಳಿದರೂ ಉಳಿಯಬಹುದು. ಅಕ್ಕ ಅಳಲಿಲ್ಲ. ಮದುವೆಯ ಮಾತು ಎತ್ತಬೇಡಿರಿ ಎಂದಳು, ಅಷ್ಟೆ. ಅದೇ ಭಾನುವಾರ ಅಂಗಡಿಗೆ ಬಂದು ಕುಕ್ಕರುಗಳ ನಡುವೆ ಸ್ಟೂಲು ಎಳೆದುಕೊಂಡು ಕೂತು, ನನಗೊಂದು ಆಸೆಯಿದೆ ಎಂದಳು. ಅವಳಿಗೆ ರೇವತಿಯನ್ನು ನೋಡಬೇಕಾಗಿತ್ತು.

"ಪಂಚಾಂಗದಾಗ ಹೆಸರು ಓದಿ ಇಷ್ಟು ವರ್ಷ ಅಂಜ್ಯಾರ. ತಲಿ ಎತ್ತಿ ನೋಡಿದವರು ಯಾರರೆ ಅದಾರೇನು? ನಾವಿಬ್ಬರೂ ಹೋಗಿ ನೋಡೂಣು. ನಮ್ಮನ್ನ ತಿನ್ನೂವಂಥಾದ್ದು ಅದರಾಗೇನೈತಿ ಅಂತ."

ಆ ದಿನ ಅವಳು ಹೇಳಿದ್ದರಲ್ಲಿ ಅರ್ಧ ಕೇಳಿಸಿಕೊಂಡೆ, ಅರ್ಧ ಗಿರಾಕಿಗಳ ಜೊತೆ ಮಾತಾಡಿದೆ. ಇಪ್ಪತ್ತೇಳು ನಕ್ಷತ್ರಗಳಲ್ಲಿ ರೇವತಿ ಕೊನೆಯದು, ಬಹಳ ಮಂಕು. ಬರಿಗಣ್ಣಿಗೆ ಕಾಣುತ್ತದೆ, ಆದರೆ ಊರಿನ ಬೆಳಕಿನಲ್ಲಿ ಅಲ್ಲ, ಚಂದ್ರನಿದ್ದಾಗಲೂ ಅಲ್ಲ. ಮಂಕು ಎಂದರೆ ಬಡಪಾಯಿ ಎಂದು ತಿಳಿಯಬೇಡ ಎಂದಳು. ಸೂರ್ಯನಿಗಿಂತ ದೊಡ್ಡದು, ಸೂರ್ಯನಿಗಿಂತ ಬಿಸಿ, ಎಷ್ಟೋ ಪಾಲು ಹೆಚ್ಚು ಬೆಳಕು ಕೊಡುವಂಥದ್ದು. ದೂರ ಹೆಚ್ಚು, ಅದಕ್ಕೇ ಹಾಗೆ ಕಾಣುತ್ತದೆ. ಈಗ ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಇಲ್ಲಿ ನಿಜಾಮರ ಆಳ್ವಿಕೆ. ನಮ್ಮ ಮುತ್ತಜ್ಜನೂ ಹುಟ್ಟಿರಲಿಲ್ಲ.

ಅಷ್ಟು ದೂರದ್ದು ಬಿಸಿಯೋ ತಣ್ಣಗೋ ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಅಕ್ಕ ಎದುರು ಗಲ್ಲಿಯಲ್ಲಿ ಕಡಾಯಿಗೆ ಹಿಡಿಕೆ ಬೆಸೆಯುವವನ ಕಡೆ ಕೈ ತೋರಿಸಿದಳು. ಕಬ್ಬಿಣ ಕಾಯುವಾಗ ಮೊದಲು ಕೆಂಪಗಾಗುತ್ತದೆ, ಆಮೇಲೆ ಹಳದಿ, ಭಾಳ ಕಾದರೆ ಬೆಳ್ಳಗೆ. ನಕ್ಷತ್ರವೂ ಹಾಗೇ. ಕೆಂಪಗಿದ್ದರೆ ಅಷ್ಟೇನೂ ಬಿಸಿಯಲ್ಲ. ರೇವತಿ ಬಿಳಿ.

ಹೋಗುವಾಗ ಇನ್ನೊಂದು ಮಾತು ಹೇಳಿದಳು. ಅದನ್ನು ಅವಳು ಕೊನೆಗೆಂದು ಉಳಿಸಿಕೊಂಡಿದ್ದಳು ಎಂದು ಈಗ ಅನಿಸುತ್ತದೆ. "ಅದು ಒಂದಲ್ಲೋ ತಮ್ಮಾ, ಎರಡು. ನಮ್ಮ ಕಣ್ಣಿಗೆ ಒಂದ ಕಾಣ್ತೈತಿ, ದುರ್ಬೀನು ಹಚ್ಚಿದ್ರ ಎರಡು. ಒಂದರ ಬಾಜೂಕ ಒಂದು. ಒಂದನ್ನ ಒಂದು ತಿಂದಿಲ್ಲ."

ಬಾಡಿಗೆ ಕಾರು ಮಾಡಿಕೊಂಡು ಹೋಗಬಹುದಿತ್ತು ಅವಳು. ಶಾಲೆಯ ಟೀಚರುಗಳು ಕರೆದಿದ್ದರು ಕೂಡ. ಇಬ್ಬರ ನಕ್ಷತ್ರ, ಇಬ್ಬರೂ ಸೇರಿಯೇ ನೋಡಬೇಕು ಎಂದು ಕೂತಳು. ಅಲ್ಲಿಗೆ ಎಲ್ಲ ನನ್ನ ಕೈಗೆ ಬಂತು.

ಈ ನಕ್ಷತ್ರದ್ದು ಒಂದು ಪೀಡೆ. ಸಂಜೆಯ ಹೊತ್ತು ನೆತ್ತಿಯ ಮೇಲೆ ಬರುವುದು ಕಾರ್ತೀಕ, ಮಾರ್ಗಶಿರದಲ್ಲಿ. ಪಾತ್ರೆ ಅಂಗಡಿಯವನಿಗೆ ಅದೇ ಮದುವೆ ಸೀಜನ್ನು. ಹಂಡೆ, ಬಿಂದಿಗೆ, ಊಟದ ಸೆಟ್ಟು ಎಂದು ಗಿರಾಕಿಗಳು ರಾತ್ರಿಯವರೆಗೆ ಕದಲುವುದಿಲ್ಲ. ಸೀಜನ್ನು ಮುಗಿಯುವ ಹೊತ್ತಿಗೆ ರೇವತಿ ಪಡುವಣಕ್ಕೆ ಇಳಿದಿರುತ್ತದೆ, ಯುಗಾದಿಯ ಸುಮಾರಿಗೆ ಸೂರ್ಯನ ಜೊತೆಯೇ ಮುಳುಗುತ್ತದೆ. ಹೀಗಾಗಿ ಪ್ರತಿ ಸಲ, ಮುಂದಿನ ವರ್ಷ ಅಕ್ಕಾ. ಒಂದು ವರ್ಷ ಲಾರಿ ಬರುವುದಿತ್ತು, ಮುಂದಿನ ವರ್ಷ ಮಗಳು ಹುಟ್ಟಿದಳು. ಒಂದು ವರ್ಷ ಹೊರಟು ಮೆಹದಿಪಟ್ಟಣದವರೆಗೆ ಹೋಗಿ, ಟ್ರಾಫಿಕ್ಕಿನಲ್ಲಿ ಸಿಕ್ಕಿ, ನನ್ನ ಫೋನು ಮೇಲಿಂದ ಮೇಲೆ ಬಡಿದುಕೊಂಡು, ಗಾಡಿ ತಿರುಗಿಸಿಕೊಂಡು ಬಂದೆ. ಅಕ್ಕ ಡಬ್ಬಿಯಲ್ಲಿ ಕಟ್ಟಿಕೊಂಡಿದ್ದ ಚಪಾತಿಯನ್ನು ಮನೆಯಲ್ಲೇ ತಿಂದೆವು. ಅವಳು ಬೈದಿದ್ದರೆ ಚೆನ್ನಾಗಿತ್ತು. ಚುಕ್ಕಿ ಎಲ್ಲಿಗೂ ಹೋಗುವುದಿಲ್ಲ ಬಿಡು ಎಂದಳು. ಹೋಗುವುದು ಅವಳ ಕಣ್ಣು ಎಂದು ಇಬ್ಬರಿಗೂ ಗೊತ್ತಿತ್ತು.

ಮಾಳಿಗೆಯ ಮೇಲೆ ಅವಳು ಒಬ್ಬಳೇ ನಿಂತು ಪ್ರಯತ್ನಿಸುವುದನ್ನು ನೋಡಿದ್ದೇನೆ. ರೈಲ್ವೆ ಯಾರ್ಡಿನ ದೀಪಗಳಿಗೆ ಒಂದು ಕೈ ಅಡ್ಡ ಹಿಡಿದು ಕತ್ತು ಹಿಂದಕ್ಕೆ ಚೆಲ್ಲಿರುತ್ತಿದ್ದಳು. ನಮ್ಮಲ್ಲಿ ಆಕಾಶ ಕಪ್ಪಗಾಗುವುದೇ ಇಲ್ಲ, ತುಕ್ಕಿನ ಬಣ್ಣಕ್ಕೆ ಬಂದು ನಿಂತುಬಿಡುತ್ತದೆ. ಒಣಗಿದ ಬಟ್ಟೆ ತರಲು ಹೋದವನು ಬಟ್ಟೆ ತೆಗೆದುಕೊಂಡು ಕೆಳಗಿಳಿದು ಬಂದಿದ್ದೇನೆ.

ಕೊನೆಗೊಂದು ಮಾರ್ಗಶಿರ ಅಮಾವಾಸ್ಯೆಯ ದಿನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅಕ್ಕನನ್ನು ಕರೆದುಕೊಂಡು ಹೊರಟೆ. ಚೇವೆಳ್ಳ ರಸ್ತೆಯ ಆಲದ ಮರಗಳನ್ನು ದಾಟಿ, ವಿಕಾರಾಬಾದಿನ ಆಚೆ ಗುಡ್ಡದ ಮಗ್ಗುಲಲ್ಲಿ ಕೊಯ್ಲಾದ ಜೋಳದ ಹೊಲವೊಂದರ ಬದುವಿನ ಹತ್ತಿರ ಗಾಡಿ ನಿಲ್ಲಿಸಿದೆ. ಅಂಗಡಿಯಿಂದ ತಂದಿದ್ದ ತಾಡಪತ್ರಿ ಹಾಸಿ ಇಬ್ಬರೂ ಅಂಗಾತ ಮಲಗಿದೆವು. ನಾನು ಅಷ್ಟು ಚುಕ್ಕಿಗಳನ್ನು ಹುಟ್ಟಿದ ಮೇಲೆ ನೋಡಿರಲಿಲ್ಲ. ಜೋಳದ ಹಿಟ್ಟು ಚೆಲ್ಲಿದಂತೆ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಕೇಳಿದಳು. "ತಮ್ಮಾ, ಮೋಡ ಐತೇನು?"

ನಾನು ಅವಳ ಕಡೆ ಹೊರಳಿದೆ, ತಾಡಪತ್ರಿ ಸರಸರ ಎಂದಿತು. ಅವಳಿಗೆ ಅಷ್ಟರಲ್ಲೇ ತಿಳಿಯಿತು. ಹ್ಞೂಂ ಎಂದು ಉಸಿರು ಬಿಟ್ಟು, ಕೈ ತಡವಿ ನನ್ನ ಭುಜ ಹಿಡಿದಳು. "ಹಂಗಾರ ನೀ ನೋಡು. ನೀ ನೋಡಿದ್ರ ನಾ ನೋಡಿದಂಗ."

ಕಾಣದ ಆಕಾಶವನ್ನು ಅವಳು ನನಗೆ ಬಾಯಲ್ಲಿ ತೋರಿಸಿದಳು. ಪೂರ್ವಾಭಾದ್ರದ ಎರಡು, ಉತ್ತರಾಭಾದ್ರದ ಎರಡು ಸೇರಿ ಒಂದು ದೊಡ್ಡ ಚೌಕ, ಮಂಚದ ನಾಲ್ಕು ಕಾಲಿನ ಹಾಗೆ. ಅದರ ಮೂಡಣ ಬದಿಯ ಎರಡರಲ್ಲಿ ದಕ್ಷಿಣದ್ದನ್ನು ಹಿಡಿ. ಅಲ್ಲಿಂದ ಇನ್ನೂ ಮೂಡಣಕ್ಕೆ, ತುಸು ದಕ್ಷಿಣಕ್ಕೆ ಬಾ, ತೋಳು ಚಾಚಿ ಒಂದು ಗೇಣಿಗಿಂತ ಕಡಿಮೆ. ಸಣ್ಣ ಚುಕ್ಕಿಗಳದೊಂದು ಸಾಲು ಬರುತ್ತದೆ, ಅದರಲ್ಲಿದೆ. ಮಂಕು ಚುಕ್ಕಿಯನ್ನು ಸೀದಾ ದಿಟ್ಟಿಸಿದರೆ ಮಾಯವಾಗುತ್ತದೆ, ತುಸು ಬದಿಗೆ ನೋಡು, ತಾನೇ ಬರುತ್ತದೆ. ಮಕ್ಕಳಿಗೆ ಹೇಳುವಂತೆ ಸಾವಕಾಶ ಹೇಳಿದಳು. ನನಗೆ ಚೌಕ ಸಿಕ್ಕಿತು, ಮತ್ತೆ ತಪ್ಪಿತು. ಸಿಕ್ಕಿದ್ದು ಬೇರೆ ಚೌಕ ಅನಿಸಿತು. ಕತ್ತು ನೋಯುತ್ತಿತ್ತು, ಜೇಬಿನಲ್ಲಿ ಫೋನು ನಡುಗುತ್ತಿತ್ತು. ಹುಡುಕಿದಷ್ಟೂ ಎಲ್ಲ ಒಂದೇ ಥರ ಕಂಡು ಸಿಟ್ಟು ಬಂತು. ಚುಕ್ಕಿಯ ಮೇಲೆ, ನನ್ನ ಮೇಲೆ, ಇಷ್ಟು ವರ್ಷಗಳ ಮೇಲೆ. ಪಕ್ಕದಲ್ಲಿ ಅವಳು ಉಸಿರು ಹಿಡಿದು ಕಾಯುತ್ತಿದ್ದಳು. ಅವಳಿಗೆ ಏನಾದರೂ ಕೊಡಬೇಕು ಎಂದಷ್ಟೇ ಅನಿಸಿತು.

"ಕಂಡಿತಕ್ಕಾ" ಎಂದೆ.

ಅವಳು ಎದ್ದು ಕೂತಳು. "ಖರೇನ? ಯಾವ ಬಣ್ಣ ಐತಿ?"

ಸುಮ್ಮನೆ ಕಂಡಿತು ಎಂದರೆ ನಂಬುವುದಿಲ್ಲವೇನೋ ಎಂದು ಯೋಚಿಸಿದೆ. "ಸ್ವಲ್ಪ ಕೆಂಪಗೈತಿ."

ಅಕ್ಕನ ಕೈ ನನ್ನ ಭುಜದ ಮೇಲೆಯೇ ಇತ್ತು. ಅದು ಅಲುಗಲಿಲ್ಲ. ದೂರದಲ್ಲೊಂದು ಗೂಡ್ಸ್ ರೈಲು ದಾಟಿ ಹೋಯಿತು. ಆಮೇಲೆ ನನ್ನ ಭುಜವನ್ನು ಎರಡು ಸಲ ತಟ್ಟಿ, "ಛಲೋ ಆತು. ನಡಿ, ಥಂಡಿ ಆಗಾಕತ್ತೈತಿ" ಎಂದಳು.

ವಾಪಸ್ಸು ಬರುವಾಗ ಚೇವೆಳ್ಳದಲ್ಲಿ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯೊಂದು ಇನ್ನೂ ತೆರೆದಿತ್ತು. ಬಿಳಿ ಕಿಡಿಗಳು ರಸ್ತೆಗೆ ಹಾರುತ್ತಿದ್ದವು. ಆಗ ಅಕ್ಕ ಹೇಳಿದ್ದ ಕಾದ ಕಬ್ಬಿಣದ ಮಾತು ನೆನಪಾಯಿತು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಕ್ಕಾ, ನನಗೆ ಕಾಣಲಿಲ್ಲ, ಸುಳ್ಳು ಹೇಳಿದೆ, ಇನ್ನೊಮ್ಮೆ ಹೋಗೋಣ ಎನ್ನಲು ಮನೆಯವರೆಗಿನ ಅಷ್ಟೂ ದಾರಿ ಇತ್ತು. ಅನ್ನಲಿಲ್ಲ.

ಅವಳು ಮತ್ತೆ ಆ ನಕ್ಷತ್ರದ ಹೆಸರು ಎತ್ತಲಿಲ್ಲ. ನನ್ನ ಮಗಳು, ಅತ್ತೆ ನೀ ನೋಡಿದ್ಯಾ ಎಂದು ಕೇಳಿದಾಗ, ನಾ ನೋಡಲಿಲ್ಲ ಎಂದಳು. ಅಪ್ಪ ನೋಡಿದನೇ ಎಂದು ಕೇಳಿದ್ದಕ್ಕೆ, ಅದನ್ನು ಅವನನ್ನೇ ಕೇಳು ಎಂದು ಎದ್ದು ಹೋದಳು. ನನ್ನ ಪರವಾಗಿಯೂ ಅವಳ ಬಾಯಿಂದ ಸುಳ್ಳು ಬರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂದು ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಾಗ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ನೀರು ಕೇಳಿದಳು. ನೀರು ಕೊಟ್ಟೆ. ಆ ಹೊತ್ತು ದಾಟಿ ಹೋಯಿತು, ಎರಡು ದಿನಕ್ಕೆ ಅವಳೂ ಹೋದಳು.

ಕ್ರಿಯೆಯ ದಿನ ಭಟ್ಟರು ಹೋದವರ ನಕ್ಷತ್ರ ಕೇಳಿದರು. ರೇವತಿ ಎಂದೆ. ನಿಮ್ಮದು ಎಂದರು. ರೇವತಿ ಎಂದೆ. ಅವರು ದರ್ಭೆ ಕೆಳಗಿಟ್ಟು ತಲೆ ಎತ್ತಿ, "ಏಕನಕ್ಷತ್ರ. ಅದಕ್ಕ ನೋಡ್ರಿ ಮತ್ತ" ಎಂದರು. ಹಿಂದೆ ಕೂತ ನೆಂಟರಲ್ಲಿ ಯಾರೋ ಹೌದೆಂಬಂತೆ ಲೊಚಗುಟ್ಟಿದರು.

"ಆ ಚುಕ್ಕಿ ಏನೂ ಮಾಡಿಲ್ಲರಿ" ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ದುಃಖದಲ್ಲಿದ್ದಾನೆ ಎಂದುಕೊಂಡು ಭಟ್ಟರು ಮತ್ತೆ ದರ್ಭೆ ಎತ್ತಿಕೊಂಡರು. ಅಜ್ಜಿಯ ಮಾತು ಸುಳ್ಳೆಂದು ಕಣ್ಣಾರೆ ನೋಡಿ ತಿಳಿಯಬೇಕು ಎಂದಿದ್ದವಳು ಅಕ್ಕ. ಅದನ್ನು ನಿಜ ಮಾಡಿ ಇಟ್ಟವನು ನಾನು. ಅದಕ್ಕೆ ಆಕಾಶದ ಸಹಾಯ ಬೇಕಾಗಲಿಲ್ಲ, 'ಮುಂದಿನ ವರ್ಷ' ಅನ್ನುವುದು ಸಾಕಾಯಿತು.

ಈಗ ಪ್ರತಿ ಮಾರ್ಗಶಿರದಲ್ಲಿ ನಾನೊಬ್ಬನೇ ಹೋಗುತ್ತೇನೆ. ಸೀಜನ್ನು ಇದ್ದರೆ ಇರಲಿ. ಹೊಲ ಇದ್ದಲ್ಲಿ ರೆಸಾರ್ಟು ಎದ್ದಿದೆ, ಅದರ ದೀಪ ಗುಡ್ಡದ ತುದಿಯವರೆಗೆ ಹತ್ತಿದೆ. ಇನ್ನೂ ಮುಂದೆ ಹೋದರೆ ಅಲ್ಲೊಂದು ಲೇಔಟು. ಮೊದಲ ವರ್ಷ ಮೋಡ ಕವಿದಿತ್ತು. ಆಮೇಲಿನ ವರ್ಷ ಚೌಕ ಸರಿಯಾಗಿ ಸಿಕ್ಕಿ, ಗೇಣು ಅಳೆದು ಮೂಡಣಕ್ಕೆ ಬಂದರೆ ಅಲ್ಲಿ ಬರೀ ಮಸಕು. ಬದಿಗೆ ನೋಡಿದೆ, ಮತ್ತೆ ನೋಡಿದೆ. ಏನೋ ಇದ್ದಂತೆ ಆಯಿತು, ಇಲ್ಲದಂತೆಯೂ ಆಯಿತು. ಅಂಥದ್ದನ್ನು ಕಂಡಿತು ಎಂದು ಅಕ್ಕ ಒಪ್ಪುತ್ತಿರಲಿಲ್ಲ.

ಈ ವರ್ಷವೂ ಹೋಗಿ ಬಂದೆ. ಹೆಂಡತಿ ಊಟಕ್ಕೆ ಬಡಿಸುತ್ತ ಕೇಳಿದಳು. ಮದುವೆಯ ದಿನ ಟ್ಯಾಂಕಿನ ಮೇಲೆ ನೋಡಿ ಕಣ್ಣು ಕಿರಿದು ಮಾಡಿದ್ದವಳು ಅವಳು.

"ಕಂಡಿತೇನ್ರಿ?"

"ಇಲ್ಲ," ಎಂದೆ. "ಕಾಣಲಿಲ್ಲ."