ಡಾಬಕಾದ ಹೊಲದಲ್ಲಿ ಮೊದಲು ಉಂಡವರು

ಡಾಬಕಾದ ಆ ಹೊಲಕ್ಕೆ ನಾವು ಮೊದಲು ಹೋದೆವೋ, ಪಕ್ಕದ ಹೊಲದ ಮುದುಕಿ ಮೊದಲು ಬಂದಳೋ, ನಾನು ಖಚಿತವಾಗಿ ಹೇಳಲಾರೆ. ನನ್ನ ನೆನಪಿನ ಪ್ರಕಾರ ನಾವೇ ಮೊದಲು. ಆದರೆ ನನ್ನ ನೆನಪಿನಲ್ಲಿ ನಾನು ಎಲ್ಲ ಕಡೆಯೂ ಮೊದಲೇ ಹೋಗಿರುತ್ತೇನೆ. ಅಂಥ ನೆನಪನ್ನು ಸಾಕ್ಷಿಗೆ ನಿಲ್ಲಿಸುವುದು ಕಷ್ಟ. ಜೊತೆಗಿದ್ದ ಆಪಾ ಬೇರೆಯೇ ಹೇಳುತ್ತಾರೆ. ಹಾಗೆಂದು ಅವರನ್ನು ನಂಬೋಣವೆಂದರೆ, ಆ ದಿನ ಮಳೆ ಹನಿದಿತ್ತು ಎಂದೂ ಅವರೇ ಹೇಳುತ್ತಾರೆ. ನನ್ನ ಫೋನಿನಲ್ಲಿ ಆ ದಿನದ್ದು ಒಂದೇ ಫೋಟೋ ಇದೆ. ಅದರಲ್ಲಿ ಆಪಾ ಮತ್ತು ಒಂದು ಕುರಿ ಇದ್ದಾರೆ, ಇಬ್ಬರ ಮುಖದ ಮೇಲೂ ಬಿಸಿಲು ಬಿದ್ದಿದೆ.

ಕರೋನಾದ ಎರಡನೆಯ ಅಲೆ ಇಳಿದು ಕೆಲವು ತಿಂಗಳಾಗಿದ್ದವು. ಒಮ್ಮೆ ಸೋಂಕು ತಗಲಿದವರಿಗೆ ಅದು ಮತ್ತೆ ಬರುವ ಭಯ ಎಷ್ಟಿದೆ, ಅಂಥವರನ್ನು ನೆರೆಯವರು ಎಷ್ಟು ದೂರ ಇಡುತ್ತಾರೆ ಎಂದು ಅಳೆಯಲು ಒಂದು ಸಂಸ್ಥೆ ಹೊರಟಿತ್ತು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಕಂಡದ್ದನ್ನೆಲ್ಲ ಅನುಮಾನಿಸುವುದನ್ನು ಕಲಿತು, ಬೀದರದ ಮೈಲೂರಿನಲ್ಲಿ ಬಾಡಿಗೆ ಮನೆ ಹಿಡಿದು ಕೂತಿದ್ದ ನನಗೆ ಆ ಕೆಲಸ ಸಿಕ್ಕಿತು. ಅದೇ ಕೆಲಸಕ್ಕೆ ನನ್ನ ಜೊತೆಯಾದ ಆಪಾ ಹಳೆ ಬೀದರದವರು, ನನಗಿಂತ ಹತ್ತು ವರ್ಷ ಹಿರಿಯರು, ಅವರೂ ಎಂ.ಎ. ನಾನು ಅವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದೆ. ಅವರು ನನ್ನನ್ನು ಪ್ರೊಫೆಸರ್ ಸಾಬ್ ಎನ್ನುತ್ತಿದ್ದರು. ಅದು ಗೌರವವಲ್ಲ ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಪ್ರಶ್ನೆಗಳು ಬೆಂಗಳೂರಿನಲ್ಲಿ ಕನ್ನಡಕ್ಕೆ ಬಂದಿದ್ದವು. 'ಮರುಸೋಂಕಿನ ಕುರಿತು ಯೋಚಿಸಿದಾಗ ನಿಮ್ಮ ಅಂಗೈಗಳು ಬೆವರುತ್ತವೆಯೇ?' ಎಂಬುದು ಅವುಗಳಲ್ಲಿ ಒಂದು. 'ಸ್ವಲ್ಪವೂ ಇಲ್ಲ' ಎಂಬಲ್ಲಿಂದ 'ಬಹಳ' ಎಂಬಲ್ಲಿಯವರೆಗೆ ಉತ್ತರಗಳಿದ್ದವು. ತರಬೇತಿಯಲ್ಲಿ ಒಂದು ಮಾತನ್ನು ಒತ್ತಿ ಹೇಳಿದ್ದರು: ಜನ ಬಾಯಲ್ಲಿ ಹೇಳಿದ್ದನ್ನಷ್ಟೇ ಗುರುತು ಮಾಡಬೇಕು, ನಿಮ್ಮ ಕಣ್ಣಿಗೆ ಕಂಡದ್ದನ್ನಲ್ಲ.

ಭಾಲ್ಕಿಯಿಂದ ಶುರು ಮಾಡಿದೆವು. ಬಸ್ ನಿಲ್ದಾಣದ ಹತ್ತಿರದ ಕಿರಾಣಿ ಅಂಗಡಿಯವರು ಮುಂದೆ ಹಗ್ಗ ಕಟ್ಟಿ, ಅದರ ಹಿಂದೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಅದರ ಹಿಂದೆ ಕೂತಿದ್ದರು. ಪಕ್ಕದ ಮನೆಯವರಿಗೆ ಕರೋನಾ ಬಂದು ವಾಸಿಯಾಗಿ ವರ್ಷ ಕಳೆದಿತ್ತು.

"ಅಂಜಿಕಿ? ನಮಗ್ಯಾಕ್ರಿ ಅಂಜಿಕಿ?" ಎಂದರು. "ಆ ಕಾಗದ ಅಲ್ಲೇ ಕಟ್ಟಿ ಮ್ಯಾಲ ಇಡ್ರಿ. ಇನ್ನಾ ಹಿಂದ ಸರೀರಿ. ಹಾಂ, ಅಲ್ಲೇ. ಈಗ ನಾ ತಗೋತೇನಿ."

ಕಾಗದಕ್ಕೆ ಔಷಧದ ನೀರು ಸಿಂಪಡಿಸಿ, ಆರಲು ಬಿಟ್ಟು, ತಮ್ಮದೇ ಪೆನ್ನಿನಿಂದ ಸಹಿ ಮಾಡಿದರು. ಸಹಿ ಹರಡಿಕೊಂಡಿತು. ನಾನು ಆಪಾರ ಮುಖ ನೋಡಿದೆ.

"ಬರಕೋರಿ ಪ್ರೊಫೆಸರ್ ಸಾಬ್," ಎಂದರು ಆಪಾ. "ಸ್ವಲ್ಪವೂ ಇಲ್ಲ. ಶೇರ್ ದಿಲ್ ಆದ್ಮಿ ಇದ್ದಾರ."

ಭಾಲ್ಕಿಯ ಉಳಿದವರೂ ಹೆಚ್ಚುಕಡಿಮೆ ಇಂಥ ಹುಲಿ ಎದೆಯವರೇ ಆಗಿದ್ದರು. ಅಂಗೈ ಬೆವರುವ ಪ್ರಶ್ನೆಗೆ ಒಬ್ಬ ಹೆಣ್ಣುಮಗಳು, "ಕೈ ಬೆವತ್ರ ರೊಟ್ಟಿ ಬಡಿಯೋದು ಹ್ಯಾಂಗ್ರಿ?" ಎಂದು ನಮ್ಮನ್ನೇ ಕೇಳಿ, ಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಉಳಿದ ಉತ್ತರಗಳನ್ನು ಕೊಟ್ಟಳು. ಆ ಊರನ್ನು ಬಿಡುವ ಹೊತ್ತಿಗೆ ನಮ್ಮ ಕಾಗದಗಳ ಪ್ರಕಾರ ಭಾಲ್ಕಿಯಲ್ಲಿ ಭಯ ನಿರ್ಮೂಲವಾಗಿತ್ತು. ಮೈಲೂರಿನಲ್ಲಿ ನನ್ನ ಮನೆಯ ಮಾಲಕಿಯೂ ಧೈರ್ಯವಂತೆಯೇ. ಮೊದಲ ಅಲೆಯಲ್ಲಿ ನನಗೂ ಕರೋನಾ ಬಂದುಹೋಗಿತ್ತು. ಅಲ್ಲಿಂದಾಚೆ ನಾನು ಮೇಲೆ ಸೀನಿದರೆ ಕೆಳಗೆ ಕಿಟಕಿ ಮುಚ್ಚುವ ಸದ್ದು ಕೇಳುತ್ತಿತ್ತು. ಬೇಸರಕ್ಕೆ ಒಂದು ಸಂಜೆ ನನ್ನನ್ನೇ ಪ್ರಶ್ನಿಸಿಕೊಂಡು 'ಸ್ವಲ್ಪ' ಎಂದು ಗುರುತು ಹಾಕಿದೆ. ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಪ್ರಾಮಾಣಿಕ ಎನಿಸಿ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಔರಾದ ತಾಲೂಕಿಗೆ ಬಂದದ್ದು ಎಳ್ಳಮಾವಾಸ್ಯೆಗೆ ಸ್ವಲ್ಪ ಮೊದಲು. ಡಾಬಕಾ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಅಲ್ಲಿ ನಾವು ಮಾತಾಡಿಸಬೇಕಿದ್ದ ಹೆಂಗಸು ನಲವತ್ತರ ಆಸುಪಾಸಿನವಳು. ಮನೆಯ ಮುಂದೆ ಕುರಿಹಟ್ಟಿ, ಊರಾಚೆ ತೊಗರಿ, ಜೋಳದ ಹೊಲ. ಮೊದಲ ಅಲೆಯಲ್ಲಿ ಆಕೆಯನ್ನು ಬೀದರಕ್ಕೆ ಸಾಗಿಸಿದ್ದರು. ಹೋದಾಗ ಊರು ಅತ್ತಿತ್ತು. ತನ್ನ ಕಾಲ ಮೇಲೆ ನಡೆದು ತಿರುಗಿ ಬಂದಾಗ ಊರು ಬಾಗಿಲು ಹಾಕಿಕೊಂಡಿತು. ಒಮ್ಮೆ ಬಂದವರಿಗೆ ಅದು ಮತ್ತೆ ಬರುತ್ತದೆ, ಬರುವಾಗ ನೆರೆಯವರನ್ನೂ ಸೇರಿಸಿಕೊಂಡು ಬರುತ್ತದೆ ಎಂಬ ಮಾತು ಆಕೆಗಿಂತ ಮೊದಲೇ ಊರು ಮುಟ್ಟಿತ್ತು.

ಮತ್ತೆ ಬರುವ ಭಯ ಎಷ್ಟಿದೆ ಎಂದು ಕೇಳಿದೆ.

"ಬ್ಯಾನಿ ಬಂದ್ರ ದವಾಖಾನಿ ಅದ ಅಣ್ಣಾ," ಎಂದಳು. "ಅದರದೇನು. ನನಗ ಅಮಾಸಿದೇ ಚಿಂತಿ ಆಗ್ಯಾದ."

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರುಗಳು ಖಾಲಿ. ಸೊಪ್ಪು, ಹಸಿಕಾಳು ಎಲ್ಲ ಹಾಕಿ ಕುದಿಸಿದ ಪಲ್ಯದಂಥ ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತುಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಪೂಜೆಯಾದ ಮೇಲೆ ಯಾರು ಯಾರ ಹೊಲಕ್ಕಾದರೂ ಹೋಗಿ ಉಣ್ಣಬಹುದು. ಯಾರನ್ನೂ ಮನೆಗೆ ಹೋಗಿ ಕರೆಯುವುದಿಲ್ಲ. ಬದುವಿನ ಮೇಲೆ ಹೋಗುವವನನ್ನು ಕೂಗಿದರೆ ಅವನು ಬಂದು ಎರಡು ತುತ್ತಾದರೂ ತಿನ್ನಲೇಬೇಕು. ಹಾಗಾಗಿ ಮನೆಮಂದಿಗೆ ಬೇಕಾದ್ದರ ಹಲವು ಪಟ್ಟು ಬಜ್ಜಿ ಬೇಯುತ್ತದೆ. ಸಂಜೆಗೆ ಬೋಗುಣಿ ಖಾಲಿಯಾಗದಿದ್ದರೆ ಆ ಮನೆಯ ಹೆಂಗಸಿಗೆ ಅವಮಾನ.

ಹಿಂದಿನ ವರ್ಷ ಈಕೆಯ ಹೊಲದ ಬದುವನ್ನು ಯಾರೂ ದಾಟಿರಲಿಲ್ಲ.

"ಕೂಗಿ ಕೂಗಿ ಗಂಟಲು ಹೋತು. 'ಈಗೇ ಉಂಡ್ ಬಂದೀವಿ' ಅಂದ್ರು ಎಲ್ಲಾರೂ," ಎಂದಳು.

ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ ಗಂಡ ತಲೆಯೆತ್ತದೆ ಹೇಳಿದ: "ಉಳಿದಿದ್ದು ಕುರಿಗಿ ಹಾಕಿದೇವ್ರಿ. ಎರಡನೇ ದಿನ ಅವೂ ಮೂಸಿ ನೋಡಿ 'ಈಗೇ ಉಂಡೀವಿ' ಅಂದ್ವು. ಈ ಸಲ ಸಣ್ಣ ಬೋಗುಣಿ ಇಡು ಅಂತೇನಿ, ಕೇಳಂಗಿಲ್ಲ."

"ಸಣ್ಣದು ಇಟ್ರ ನಾನೇ ಒಪ್ಕೊಂಡಂಗ ಆಗ್ತದ," ಎಂದಳು ಹೆಂಡತಿ. "ಒಂದ್ ವರ್ಷ ಬರ್ಲಿಲ್ಲಂದ್ರ ಅಂಜಿಕಿ ಅನಬಹುದು. ಎರಡ್ ವರ್ಷ ಬರ್ಲಿಲ್ಲಂದ್ರ ಅದೇ ರೂಢಿ ಆಗ್ತದ. ನಾಳಿ ನನ್ನ ಸೊಸಿ ಹೊಲಕ್ಕೂ ಯಾರೂ ಬರಂಗಿಲ್ಲ, ಯಾಕಂತ ಅವ್ರಿಗೂ ಗೊತ್ತಿರಂಗಿಲ್ಲ."

ಇದನ್ನು ಬರೆಯಲು ನಮ್ಮ ಕಾಗದದಲ್ಲಿ ಜಾಗವಿರಲಿಲ್ಲ. ಮರುಸೋಂಕಿನ ಭಯ: ಸ್ವಲ್ಪವೂ ಇಲ್ಲ. ಎದ್ದು ನಿಂತಾಗ ಆಕೆ ಆಪಾರ ಕೈ ಹಿಡಿದು, "ನೀವಾರ ಬರ್ರಿ ಅಮಾಸಿಗಿ," ಎಂದಳು. ಆಪಾ, "ಬರ್ತೇವಿ, ದೊಡ್ಡ ಬೋಗುಣಿನೇ ಇಡ್ರಿ," ಎಂದುಬಿಟ್ಟರು. ಬರುವವರಲ್ಲಿ ನಾನೂ ಸೇರಿದ್ದೇನೆ ಎಂದು ನನಗೆ ಆಗಲೇ ತಿಳಿದದ್ದು.

ನೆರೆಯವರ ಉತ್ತರವೂ ಬೇಕಿತ್ತು. ಪಕ್ಕದ ಹೊಲದ ಒಡತಿ ಒಬ್ಬ ಮುದುಕಿ; ಊರಿಗೆಲ್ಲ ಆಯಿ. ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಸಾಯೋ ವಯಸ್ಸಿನಾಗ ಏನ್ ಅಂಜಿಕಿ ತಮ್ಮಾ?"

"ಹಂಗಾದ್ರ ಅಮಾಸಿಗಿ ಪಕ್ಕದ ಹೊಲಕ್ಕ ಹೋಗ್ತೀರಿ?"

"ಅಕಿ ಹೊಲಕ್ಕಾ? ಹೋಗಂಗಿಲ್ಲ. ಒಮ್ಮಿ ಮನಿ ನೋಡಿದ ಬ್ಯಾನಿ ಹಾದಿ ಮರೀತದೇನು?"

"ಅಂದ್ರ ಅಂಜಿಕಿ ಅದ."

"ಅದು ಅಂಜಿಕಿ ಅಲ್ಲ, ಶಾಣ್ಯಾತನ," ಎಂದಳು ಆಯಿ. "ಇಷ್ಟ್ ಓದೀಯಂತ, ಎರಡಕ್ಕೂ ಫರಕ್ ತಿಳಿಯಂಗಿಲ್ಲಾ?"

ಸ್ವಲ್ಪವೂ ಇಲ್ಲ ಎಂದು ಗುರುತು ಹಾಕಿದೆ. ಶಾಣ್ಯಾತನ ಅಳೆಯುವ ಪ್ರಶ್ನೆ ನಮ್ಮ ಬಳಿ ಇರಲಿಲ್ಲ.

ಅಮಾವಾಸ್ಯೆಯ ದಿನ ಬಸ್ಸಿನಲ್ಲಿ ಔರಾದಕ್ಕೆ, ಅಲ್ಲಿಂದ ಟಂಟಂ ಆಟೋದಲ್ಲಿ ಡಾಬಕಾಕ್ಕೆ ಹೋದೆವು. ಇನ್ನು ಮುಂದಿನದು ನನ್ನ ನೆನಪು. ಜೋಳದ ದಂಟಿನ ಗೂಡಿನಲ್ಲಿ ದೇವರೆಂದು ಇಟ್ಟ ಕಲ್ಲುಗಳ ಪೂಜೆ ಆಗಿತ್ತು. ಗಂಡ ಹೊಲದ ಸುತ್ತ ಅಂಬಲಿ ಚೆಲ್ಲುತ್ತ ನಡೆದಿದ್ದ. ಆಕೆ ದೊಡ್ಡ ಬೋಗುಣಿಯ ಪಕ್ಕದಲ್ಲಿ ಸೌಟು ಹಿಡಿದು ಒಬ್ಬಳೇ ಕೂತಿದ್ದಳು. ಬದುವಿನ ಮೇಲೆ ಹೋಗುವವರನ್ನು ಕೂಗಲು ಬಾಯಿ ತೆರೆದು, ಕೂಗದೆ ಮುಚ್ಚುತ್ತಿದ್ದಳು. ನಾವು ಹೋಗಿ ಕೂತೆವು. ಮೊದಲ ತುತ್ತಿಗೆ ನನ್ನ ಕೈ ಒಂದು ಗಳಿಗೆ ನಿಂತಿತು; ಬಜ್ಜಿ ಬಿಸಿಯಿತ್ತು ಎಂದುಕೊಳ್ಳುತ್ತೇನೆ. ಆಮೇಲೆ ಪಕ್ಕದ ಹೊಲಕ್ಕೆ ಕೇಳುವಂತೆ ಹೊಗಳುತ್ತ ಉಂಡೆ. ಸ್ವಲ್ಪ ಹೊತ್ತಿಗೆ ಆಯಿ ಬದು ದಾಟಿ ಬಂದಳು. ಅವಳ ಹಿಂದೆ ನೆಂಟರು, ಮಕ್ಕಳು, ಆಮೇಲೆ ಅರ್ಧ ಊರು. ಆಕೆ ಬಡಿಸುತ್ತ ಬಡಿಸುತ್ತ ಸೆರಗಿನಿಂದ ಮುಖ ಒರೆಸಿಕೊಂಡಳು.

ಈ ಕತೆಯನ್ನು ಬೀದರದ ಚಹಾದಂಗಡಿಗಳಲ್ಲಿ ನಾನು ಬಹಳ ಸಲ ಹೇಳಿದ್ದೇನೆ. ಹೊರಗಿನವರು ಧೈರ್ಯವಾಗಿ ಉಂಡದ್ದನ್ನು ನೋಡಿ ನೆರೆಯವರ ಭಯ ಕರಗಿತು ಎಂಬ ಅರ್ಥವಿವರಣೆಯ ಸಮೇತ. ಒಮ್ಮೆ ಆಪಾ ಪಕ್ಕದಲ್ಲೇ ಕೂತಿದ್ದರು.

"ಕ್ಯಾ ಭಯ್ಯಾ, ಝೂಟ್ ಹೇಳಲಿಕ್ಕೂ ಎಂ.ಎ. ಬೇಕೇನು?" ಎಂದರು. "ನಾವು ಹೋದಾಗ ಆಯಿ ಆಗಲೇ ಕೂತು ಎರಡನೇ ರೊಟ್ಟಿ ಮುರೀತಿದ್ರು. ನೀವು ಕುರಿ ಫೋಟೋ ತೆಗಿಯೋ ನೆವ ಮಾಡಿ ದೂರ ನಿಂತ್ರಿ. ಆಯಿನೇ ನಿಮ್ಮನ್ನ ಕರದ್ರು: 'ಬಾ ತಮ್ಮಾ, ಅಂಜಬ್ಯಾಡ, ಏನೂ ಆಗಂಗಿಲ್ಲ' ಅಂತ. ಮಳಿನೂ ಹನೀತಿತ್ತು."

ಮಳೆಯ ವಿಷಯ ಸುಳ್ಳು ಎಂದು ನಾನು ಫೋಟೋ ತೋರಿಸಿದೆ. ಕುರಿಯ ವಿಷಯ ಸುಳ್ಳು ಎನ್ನಲು ಅದೇ ಫೋಟೋ ಅಡ್ಡ ಬಂತು.

ಹಾಗಾಗಿ ಈಚೆಗೆ ಬೇರೊಂದು ಕೆಲಸಕ್ಕೆ ಔರಾದಕ್ಕೆ ಹೋದಾಗ ಡಾಬಕಾಕ್ಕೂ ಹೋದೆ. ಆ ಹೆಂಗಸು ಬದುವಿನ ಮೇಲೆ ನಿಂತು, ತನ್ನ ತೊಗರಿಗೆ ಆಯಿಯ ಎಮ್ಮೆ ಬಾಯಿ ಹಾಕಿತೆಂದು ಬಯ್ಯುತ್ತಿದ್ದಳು. ಆಯಿ ಈಚೆಯಿಂದ ತಿರುಗಿ ಬಯ್ಯುತ್ತಿದ್ದಳು. ಕಿವಿಗೆ ಸುಖವಾದ ಜಗಳ. ಮುಗಿಯುವವರೆಗೆ ಕಾದು ಕೇಳಿದೆ.

"ಯಾರ್ ಮೊದ್ಲು ಬಂದ್ರಂತ ನಾ ಯಾಕ ನೋಡ್ಲಿ ಅಣ್ಣಾ?" ಎಂದಳು ಆಕೆ. "ಬೋಗುಣಿ ಬರಿದಾತು. ನನಗ ಅಷ್ಟೇ ನೆನಪದ."

ಆಯಿಯನ್ನು ಕೇಳಿದೆ. ಹೋಗುವುದಿಲ್ಲ ಎಂದಿದ್ದವರು ಯಾಕೆ ಹೋದಿರಿ?

"ಹೋಗಂಗಿಲ್ಲಂತ ನಾ ಯಾವಾಗ ಅಂದೆ?" ಎಂದಳು. "ನಾ ಹಂಗ ಅನ್ನಾಕಿನೇ ಅಲ್ಲ."

ಜೋಳದ ಸಾಲಿನೊಳಗಿನಿಂದ ಆಯಿಯ ಸೊಸೆ ನಕ್ಕಳು. "ಆವತ್ತ ಮುಂಜಾನಿ ನಮ್ಮ ಬಜ್ಜಿ ತಳ ಹತ್ತಿತ್ರಿ. ಉದಗೀರದಿಂದ ಬೀಗರು ಬಂದು ಹೊಲದಾಗ ಕುಂತಿದ್ರು. ಅವ್ರಿಗಿ ಏನ್ ಉಣಿಸೋದು? ಅತ್ತಿ ಒಂದೀಟು ನಿಂತು ನೋಡಿದ್ರು, ಆಮ್ಯಾಲ ಬೀಗರನ್ನ ಕರಕೊಂಡು ಬದು ದಾಟೇಬಿಟ್ರು."

ಆಯಿ ಇದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಎಮ್ಮೆಯನ್ನು ಕಟ್ಟಲು ಎದ್ದು ಹೋದಳು. ಹಾಗಾದರೆ ಆಪಾ ಹೇಳಿದ್ದೇ ನಿಜವಿರಬಹುದು. ಅಥವಾ ನಾವು ಉಣ್ಣುತ್ತಿದ್ದುದು ಕಂಡ ಮೇಲೆಯೇ ಆಯಿಗೆ ದಾಟುವ ಯೋಚನೆ ಬಂದಿರಬಹುದು. ಯಾರ ನೆನಪೂ ಯಾರದಕ್ಕೂ ಹೊಂದುವುದಿಲ್ಲ, ನಾನೂ ಹೊಂದಿಸುವುದನ್ನು ಬಿಟ್ಟಿದ್ದೇನೆ. ಒಂದು ವಿಷಯವನ್ನು ಮಾತ್ರ ಸೊಸೆಯನ್ನು, ಆ ಹೆಂಗಸಿನ ಗಂಡನನ್ನು, ಕೊನೆಗೆ ಉದಗೀರದ ಬೀಗರನ್ನೂ ಬೇರೆಬೇರೆಯಾಗಿ ಕೇಳಿ ಖಚಿತ ಮಾಡಿಕೊಂಡೆ. ಮರುವರ್ಷದ ಎಳ್ಳಮಾವಾಸ್ಯೆಗೆ ಆಯಿಯ ಮನೆಯ ಬಜ್ಜಿ ತಳ ಹತ್ತಿರಲಿಲ್ಲ, ಬಹಳ ಚೆನ್ನಾಗಿಯೇ ಆಗಿತ್ತು. ಆದರೂ ಆಯಿ ಬದು ದಾಟಿ ಹೋಗಿ ಅಲ್ಲಿಯೇ ಉಂಡಳು.